ಮನಿಗೊಬ್ರು ಬಂದೇವ್ರಿ

ಹಾಜರಿ ವಿಷಯದಾಗ ನಾ ಭಾಳ ಬಿಗಿ. ನಾ ಹೇಳೂದಲ್ಲ ಇದು, ನಮ್ಮ ಕಾಲೇಜಿನ ಗ್ವಾಡಿ ಹೇಳತೈತಿ. ಗ್ರಂಥಾಲಯದ ಹಿಂದಿನ ಗ್ವಾಡಿ ಮ್ಯಾಲ ಯಾರೋ ಪುಣ್ಯಾತ್ಮರು ಇದ್ದಲಿಲೆ ನನ್ನ ಚಿತ್ರ ತಗದು, ಕೈಯಾಗ ಹಾಜರಿ ಪುಸ್ತಕ ಕೊಟ್ಟು, ಬಾಯಾಗ ಎರಡು ಕ್ವಾರಿಹಲ್ಲು ಇಟ್ಟಾರ. "ಸುಣ್ಣಾ ಹೊಡಸ್ತೀನ್ರಿ ಮ್ಯಾಡಮ್" ಅಂತ ಪ್ರಿನ್ಸಿಪಾಲರು ಅಂದಾಗ, "ಇರ್ಲಿ ಬಿಡ್ರಿ ಸರ್, ಮೂಗು ಛಲೋ ತಗದಾರ" ಅಂದಿದ್ನಿ. ಅದು ಇವತ್ತಿಗೂ ಅಲ್ಲೇ ಐತಿ.

ಮನಿ ಚಿಕ್ಕೋಡ್ಯಾಗ, ಕಾಲೇಜು ರಾಯಬಾಗದಾಗ. ಇಪ್ಪತ್ತು ವರ್ಷದ ಮ್ಯಾಲಾತು, ಡಿಗ್ರಿ ಹುಡುಗರಿಗೆ ಇತಿಹಾಸ ಹೇಳಕೋತ ಬಂದೇನಿ. ಹುಡುಗರನ್ನ ನಾ ನಂಬರಿನಿಂದ ಗುರ್ತ ಹಿಡಿಯಾಕಿ. ಒಂದ ಹೆಸರಿನವ್ರು ಒಂದ ಕ್ಲಾಸಿನ್ಯಾಗ ನಾಕ ಮಂದಿ ಇರ್ತಾರ, ನಂಬರ್ ಹಂಗ ಮೋಸ ಮಾಡೂದಿಲ್ಲ. ನೂರಕ್ಕ ಎಪ್ಪತ್ತೈದು ಹಾಜರಿ ಇದ್ರ ಪರೀಕ್ಷಾ ಫಾರ್ಮಿಗೆ ನನ್ನ ಸಹಿ, ಇಲ್ಲಂದ್ರ ಇಲ್ಲ. ಅಪ್ಪ ಬಂದು ಕೈ ಮುಗದ್ರೂ ಇಲ್ಲ, ಪುಢಾರಿ ಫೋನ್ ಮಾಡಿಸಿದ್ರ ಮೊದಲ ಇಲ್ಲ.

ಅಂಥಾದ್ರಾಗ ರೋಗ ಬಂತು, ಕಾಲೇಜು ಬಂದಾತು, ಪಾಠ ಮೊಬೈಲಿನ್ಯಾಗ ಹೊಕ್ಕಿತು. ನಾ ಸೋಲಲಿಲ್ಲ. ಮುಂಜಾನೆ ಹನ್ನೊಂದಕ್ಕ ಕ್ಲಾಸು, ಸುರು ಆಗೂಮುಂದ ಒಮ್ಮೆ ಹಾಜರಿ, ಮುಗಿಯೂಮುಂದ ಒಮ್ಮೆ ಹಾಜರಿ ಅಂತ ಗ್ರೂಪಿನ್ಯಾಗ ಹಾಕಿದ್ನಿ. ಕಾಗವಾಡ ಕಡೆ ಹುಡುಗರ ಫೋನು ನಡುನಡುಕ ಮಹಾರಾಷ್ಟ್ರದ ಟಾವರ್ ಹಿಡದು ಸತ್ತ ಹೋಗ್ತಿದ್ದವು. ಅಥಣಿ ಕಡಿಯಾಂವ ಒಬ್ಬ ದ್ರಾಕ್ಷಿಗೆ ಔಷಧ ಹೊಡಿಯೋ ಟ್ರ್ಯಾಕ್ಟರಿನ ಬಾಜೂಕ ನಿಂತು "ಎಸ್ ಮ್ಯಾಡಮ್" ಅಂತ ಒದರತಿದ್ದ. ಮುಗಳಖೋಡದಾಕಿ ಒಬ್ಬಾಕಿ ರೇಂಜಿನ ಸಲುವಾಗಿ ನೀರಿನ ಟಾಕಿ ಏರಿ ಕೂಡ್ರತಿದ್ಲು. ಎಲ್ಲಾರ ಹತ್ರ ಫೋನ್ ಇಲ್ಲಂತ ಗೊತ್ತಿತ್ತು, ಅದಕ್ಕ ಒಂದ ಸಡಿಲ ಕೊಟ್ಟಿದ್ನಿ: ಒಂದ ಫೋನಿನ ಮುಂದ ಇಬ್ರು ಕುಂತ್ರೂ ನಡೀತೈತಿ, ಇಬ್ಬರ್ದೂ ಹಾಜರಿ ಹಿಡೀತೀನಿ.

ಆ ಸಡಿಲದ ಫಾಯ್ದಾ ತಗೊಂಡವ್ರು ಇಪ್ಪತ್ತೇಳು, ಇಪ್ಪತ್ತೆಂಟು. ದಿಗ್ಗೇವಾಡಿ ಹುಡಿಗ್ಯಾರು, ಅಣ್ಣತಮ್ಮರ ಮಕ್ಕಳು. ಕೂಡಿದ ಮನಿ, ಮನಿತುಂಬ ಕುರಿ, ಫೋನ್ ಮಾತ್ರ ಒಂದ. ಇಪ್ಪತ್ತೇಳು ಅಕ್ಕ, ಇಪ್ಪತ್ತೆಂಟು ತಂಗಿ, ವಯಸ್ಸಿನ್ಯಾಗ ಒಂದ ವರ್ಷದ ಫರಕು. ಇಬ್ರೂ ಒಂದ ದಿನ ತಪ್ಪಿಸಿದವ್ರಲ್ಲ. "ಕುರಿ ಕಾಯೋ ಮನ್ಯಾಗಿನ ಹುಡಿಗ್ಯಾರು ಎರಡೂ ಹಾಜರಿಗಿ ಇರ್ತಾರ, ನಿಮಗೇನ ಧಾಡಿ ಆಗೈತಿ?" ಅಂತ ಉಳಿದವ್ರಿಗಿ ಬೈಯಾಕ ನಂಗ ಅವ್ರ ಹೆಸರಲ್ಲ, ಅವ್ರ ನಂಬರು ಭಾಳ ಉಪಯೋಗಕ್ಕ ಬರ್ತಿದ್ದವು.

ಎರಡನೇ ಸಲ ರೋಗ ಜೋರಾದಾಗ ನಿಪ್ಪಾಣ್ಯಾಗ ನಮ್ಮ ಚಿಗವ್ವ ತೀರಿಕೊಂಡ್ಲು. ನನ್ನ ಎತ್ತಿ ಆಡಿಸಿದಾಕಿ. ಮಣ್ಣಿಗಿ ಮಂದಿ ಕೂಡಬಾರ್ದಂತ ಪೊಲೀಸರು ಹೇಳಿದ್ರು, ಅದಕ್ಕ ಬೀಗರು ಬಿಜ್ಜರು ಎಲ್ಲಾರೂ ಮನಿಗೊಬ್ರು ಅಂತ ಮಾಡಿಕೊಂಡ್ರು. ನಮ್ಮ ಕಡೆ ಇದು ರೋಗದ ಕಾಲದ್ದಲ್ಲ, ಹಿಂದಿಂದ ಬಂದದ್ದ ಐತಿ. ಮದಿವಿಗಿ, ಮಣ್ಣಿಗಿ, ಹೊಸಾ ಮನಿ ಪೂಜಾಕ, ಮನ್ಯಾಗಿಂದ ಒಬ್ರು ಹೋಗಿ ಮಾರಿ ತೋರಿಸಿ ಬಂದ್ರ ಇಡೀ ಮನಿ ಹೋದಂಗ. ನಂಗ ಸಣ್ಣಗ ಕೆಮ್ಮ ಇತ್ತು, ನಮ್ಮ ಯಜಮಾನ್ರು ಹೋಗಿ ಬಂದ್ರು. ಯಾರೂ ನನ್ನ ಬರಲಿಲ್ಲ ಅನ್ನಲಿಲ್ಲ. ನಾ ಮಾತ್ರ ಮೂರು ದಿನ ಅಡಗಿ ಮನ್ಯಾಗ ಕುಂತು ಅತ್ನಿ, ಕ್ಲಾಸ್ ತಗೊಳ್ಳಾಕ ಮನಸ್ಸಾಗಲಿಲ್ಲ. ನನ್ನ ಹಳೇ ನೋಟ್ಸಿನ ಫೋಟೊ ಹೊಡದು ಗ್ರೂಪಿಗಿ ಹಾಕಿ "ಓದಿಕೊಳ್ರಿ" ಅಂದ್ನಿ. ಅದು ಆದಿಲಶಾಹಿಗಳ ಕಾಲದ ನೀರಿನ ವ್ಯವಸ್ಥಾದ ಪಾಠ.

ನಾಕನೇ ದಿನ ಮತ್ತ ಸುರು ಮಾಡಿದ್ನಿ. ಮನಸ್ಸು ನೆಟ್ಟಗಿರಲಿಲ್ಲ, ಕಿವಿ ಮಾತ್ರ ಚುರುಕ ಆಗಿತ್ತು. ಹಾಜರಿ ಕರಿಯಾಕತ್ತಿದ್ನಿ. ಇಪ್ಪತ್ತೇಳು ಅಂದ್ನಿ, "ಎಸ್ ಮ್ಯಾಡಮ್" ಅಂತ ದಪ್ಪ ದನಿ ಬಂತು, ಹಿಂದ ಒಂದು ಕುರಿಮರಿ ಬ್ಯಾ ಅಂತು. ಇಪ್ಪತ್ತೆಂಟು ಅಂದ್ನಿ, "ಎಸ್ ಮ್ಯಾಡಮ್" ಅಂತ ಸಣ್ಣ ದನಿ ಬಂತು, ಅದ ಮರಿ ಮತ್ತ ಬ್ಯಾ ಅಂತು. ಒಂದ ಫೋನಿನ ಮುಂದ ಇಬ್ರೂ ಕುಂತಾರ, ಮರಿ ಒಂದ ಇರೂದ ಬರೋಬ್ಬರಿ. ಆದ್ರ ದಪ್ಪ ದನಿ ಯಾಕೋ ನಾಟಕದ್ದು ಅನಿಸ್ತು. ಕ್ಯಾಮೆರಾ ತಗಿ ಅಂದ್ನಿ. ತಗದ್ಲು. ಒಬ್ಬಾಕಿನ ಇದ್ಲು.

"ಯಾವಾಕಿ ನೀ?"

"ಇಪ್ಪತ್ತೆಂಟ್ರಿ."

"ಇಪ್ಪತ್ತೇಳು ಎಲ್ಲಿ?"

"ಕುರಿ ಹಿಂದ ಹೋಗ್ಯಾಳ್ರಿ. ಇವತ್ತ ನನ್ನ ಪಾಳಿ, ನಾಳೆ ಅಕೀದು. ಮನಿಗೊಬ್ರು ಬಂದೇವ್ರಿ ಮ್ಯಾಡಮ್."

ಎಷ್ಟು ಸರಳ ಹೇಳಿದ್ಲಂದ್ರ, ಲಗ್ನದ ಮನ್ಯಾಗ ಬಾಗಲದಾಗ ನಿಂತವ್ರಿಗಿ ಹೇಳ್ತಾರಲ್ಲ, ಹಂಗ. ಅಂಜಿಕಿಲ್ಲ, ಮುಚ್ಚುಮರಿ ಇಲ್ಲ. ಎಲ್ಲಾ ಫೋನಿನ್ಯಾಗಿಂದ ಹುಡುಗರು ಹೋ ಅಂತ ನಕ್ಕ್ರು. ನನ್ನ ಮೂಗಿನ ತುದಿಮ್ಯಾಲ ಇರೋ ಸಿಟ್ಟು ನೆತ್ತಿಗೇರಿತು. ಇಷ್ಟ ದಿನ ಇವ್ರನ್ನ ತೋರಿಸಿ ಮಂದಿಗಿ ಬೈದೇನಿ, ಈಗ ಮಂದಿ ನನ್ನ ನೋಡಿ ನಗಾಕತ್ತಾರ. "ಇದು ಕಾಲೇಜು, ಸತ್ತವರ ಮನಿ ಅಲ್ಲ!" ಅಂತ ಚೀರಿ ಕ್ಲಾಸ್ ಬಂದ್ ಮಾಡಿದ್ನಿ. ಮರುದಿನದಿಂದ ಮಾರಿ ಕಂಡಾಕೀದ ಅಷ್ಟ ಹಾಜರಿ ಹಿಡದ್ನಿ, ಹಿಂದಿಂದೂ ಪಾಳಿ ಪ್ರಕಾರ ಅರ್ಧ ಅರ್ಧ ಮಾಡಿ ತಿದ್ದಿದ್ನಿ. ಅವ್ರು ಪಾಳಿ ಪ್ರಕಾರ ಬರೂದ ಬಿಡಲಿಲ್ಲ.

ಮಳಿ ಹಿಡಿಯೂದ್ರಾಗ ಕಾಲೇಜಿನ ಬಾಗಲ ಅರ್ಧ ತಗದ್ರು, ಪರೀಕ್ಷಾ ಫಾರ್ಮು ತುಂಬಾಕ. ಮಾರಿಗಿ ಮಾಸ್ಕ್ ಕಟ್ಟಿಕೊಂಡು ಇಬ್ರೂ ನನ್ನ ಮೇಜಿನ ಮುಂದ ಬಂದು ನಿಂತ್ರು. ಫಾರ್ಮು ತುಂಬಿದ್ರು, ಫೋಟೊ ಅಂಟಿಸಿದ್ರು. ಸಹಿ ಮಾತ್ರ ನನ್ನ ಮುಂದ ಮಾಡ್ಬೇಕಂತ ನನ್ನದ ಕಾನೂನು ಇತ್ತು.

ಹಾಜರಿ ಪುಸ್ತಕ ತಗದ್ನಿ. "ಅಕಿ ಅರ್ಧ, ನೀ ಅರ್ಧ. ಇಬ್ಬರ್ದೂ ಕೂಡಿಸಿದ್ರ ಒಬ್ಬಾಕೀದು ಪೂರಾ ಆಗ್ತೈತಿ. ಬ್ಯಾರೆ ಬ್ಯಾರೆ ಮಾಡಿದ್ರ ಇಬ್ರೂ ಫೇಲ್. ಯಾರ್ದು ಬರೀಲಿ? ಹೇಳ್ರಿ."

ಖರೇ ಹೇಳಬೇಕಂದ್ರ ನಾ ಇದನ್ನ ಅಂಜಸಾಕ ಅಂದದ್ದು. ಅಳ್ತಾರ, ತಪ್ಪಾತು ಅಂತಾರ, ಒಂದ ಕಾಗದ ಬರಸ್ಕೊಂಡು ಪ್ರಿನ್ಸಿಪಾಲರ ಕಡೆ ಕಳಿಸಿದ್ರಾತು ಅಂತ ನನ್ನ ಲೆಕ್ಕ. ದೊಡ್ಡಾಕಿ ಅಳಲಿಲ್ಲ. ಚೀಲದಾಗಿಂದ ಇನ್ನೂರು ಹಾಳಿ ನೋಟಬುಕ್ ಒಂದ ತಗದು ಮೇಜಿನ ಮ್ಯಾಲ ಇಟ್ಟು, "ಇದನ್ನೊಂದ ಸಲ ನೋಡ್ರಿ ಮ್ಯಾಡಮ್, ಒಂದ ಕ್ಲಾಸೂ ತಪ್ಪಿಲ್ಲ" ಅಂದ್ಲು.

"ನೋಟಬುಕ್ಕಿಗಿ ಹಾಜರಿ ಇಲ್ಲ ನಮ್ಮಲ್ಲಿ. ಯಾರ್ದು ಬರೀಲಿ?"

ಆಕಿ ತಂಗಿ ಕಡೆ ನೋಡಲಿಲ್ಲ. "ಅಕೀದು ಬರೀರಿ. ಮನಿಗೊಬ್ರು ಸಾಕ್ರಿ" ಅಂದು ಹೊರಳಿ ನಡದ್ಲು. ಸಣ್ಣಾಕಿ "ಅಕ್ಕಾ, ಅಕ್ಕಾ" ಅಂತ ಬಾಗಲತನಾ ಓಡಿದ್ಲು, ಒಬ್ಬಾಕಿನ ತಿರುಗಿ ಬಂದ್ಲು. ಕಣ್ಣೀರು ಮಾಸ್ಕಿನ್ಯಾಗ ಇಳೀತಿತ್ತು. ಸಹಿ ಮಾಡಿದ್ಲು. ನಾನೂ ಮಾಡಿದ್ನಿ. ಯಾಕ ಮಾಡಿದ್ನೋ, ನನ್ನ ಬಾಯಿಂದ ಬಂದ ಮಾತು, ತಿರುವೂದ ಹೆಂಗಂತ ತಿಳೀಲಿಲ್ಲ. ಹಾಜರಿ ಪುಸ್ತಕದಾಗ ಇಪ್ಪತ್ತೇಳರ ಸಾಲಿಗಿ ಕೆಂಪ ಶಾಯಿಲೆ ಗೆರಿ ಎಳದ್ನಿ.

ದೊಡ್ಡಾಕಿ ಫಾರ್ಮು, ನೋಟಬುಕ್ ಎರಡೂ ಮೇಜಿನ ಮ್ಯಾಲ ಉಳದಿದ್ದವು. ಚೀಲದಾಗ ಹಾಕ್ಕೊಂಡು ಮನಿಗಿ ಬಂದ್ನಿ.

ಸಂಜೀಕ ಚಹಾ ಕುಡ್ಯೂಮುಂದ ನಮ್ಮ ಯಜಮಾನ್ರು ಆ ನೋಟಬುಕ್ ತಿರುವಿ ಹಾಕಾಕತ್ತಿದ್ರು. ಅವ್ರದು ಬೀಜ ಗೊಬ್ಬರದ ಅಂಗಡಿ, ಹಾಳಿ ಕಂಡ್ರ ಓದೂ ಚಟ. "ಇದನ್ನ ಇಬ್ರು ಬರದಾರಲ್ಲ?" ಅಂದ್ರು. ಕಸ್ಕೊಂಡು ನೋಡಿದ್ನಿ. ಒಂದಿನ ದುಂಡ ಅಕ್ಷರ, ಒಂದಿನ ಬಲಕ್ಕ ವಾಲಿದ ವಾರಿ ಅಕ್ಷರ. ದಿನಾ ಪಾಠದ ಕಡೀಕ ಒಂದು ಸಾಲು ಇತ್ತು. "ಇದು ನಂಗ ತಿಳೀಲಿಲ್ಲ, ನಾಳೆ ನೀ ಕೇಳು." ಮರುದಿನದ ಹಾಳಿ ಮ್ಯಾಲ ಇನ್ನೊಂದು ಅಕ್ಷರದಾಗ, "ಕೇಳಿದೆ, ಮ್ಯಾಡಮ್ ಹಿಂಗಂದ್ರು." ಆ ಪ್ರಶ್ನಿಗೋಳು ನಂಗ ನೆನಪಿದ್ದವು. ಮೂವತ್ತು ಹುಡುಗರ ಕ್ಲಾಸಿನ್ಯಾಗ ಪ್ರಶ್ನಿ ಕೇಳೂ ದನಿ ಅದೊಂದ ಆಗಿತ್ತು. ಒಂದ ಮನಸ್ಸು ಎರಡು ಪಾಳ್ಯಾಗ ನನ್ನ ಕ್ಲಾಸಿಗಿ ಬಂದಿತ್ತು, ನಾ ಅದನ್ನ ಅರ್ಧ ಅರ್ಧ ಅಂತ ಬರದಿದ್ನಿ.

ಮುಂದ ತಿರುವಿದ್ನಿ. ಮೂರು ದಿನದ ತಾರೀಖು ಹಾಕಿ ಹಾಳಿ ಖಾಲಿ ಬಿಟ್ಟಿದ್ರು. ಮ್ಯಾಲ ದುಂಡ ಅಕ್ಷರದಾಗ: "ಮ್ಯಾಡಮ್ ಬಂದಿಲ್ಲ. ಅವರ ಚಿಗವ್ವ ತೀರಿಕೊಂಡಾರಂತ. ಪಾಠ ಹೇಳಿದ ಮ್ಯಾಲ ಬರಿಯೂದು."

ಅಯ್ಯ ಶಿವನ, ಅನಿಸಿಬಿಟ್ಟಿತು. ಕುಂಬಳಕಾಯಿ ಕಳ್ಳ ಅಂದ್ರ ಹೆಗಲ ಮುಟ್ಟಿ ನೋಡ್ಕೊಂಡನಂತಲ್ಲ, ಹಂಗ ನಾ ಎದ್ದು ಹೋಗಿ ನನ್ನ ವರ್ಕ್ ಡೈರಿ ತಗದು ನೋಡಿದ್ನಿ. ಮಾಸ್ತರರು ಯಾವ ದಿನ ಏನ ಕಲಿಸಿದೆವು ಅಂತ ಬರದು ಆಫೀಸಿಗಿ ಕೊಡೂ ಪುಸ್ತಕ ಅದು. ಆ ಮೂರೂ ದಿನದ ಮುಂದ ನನ್ನ ಕೈಯಾರೆ ಬರದೇನಿ: ತರಗತಿ ನಡೆಯಿತು. ಕೆಳಗ ನನ್ನ ಸಹಿ. ಬರಿಯೂಮುಂದ ಏನೂ ಅನಿಸಿರಲಿಲ್ಲ. ನೋಟ್ಸ್ ಕಳಿಸೇನಿ, ನಡೆದಂಗ ಆತು ಅಂತ ಅಂದ್ಕೊಂಡಿದ್ನಿ.

ಯಜಮಾನ್ರಿಗಿ ಎಲ್ಲಾ ಹೇಳಿದ್ನಿ. ಅವ್ರು ಬಸಿ ಕೆಳಗಿಟ್ಟು, "ಹೇಳೂದು ಪುರಾಣ, ತಿನ್ನೂದು ಬದನಿಕಾಯಿ" ಅಂದ್ರು. ನಗಲಿಲ್ಲ, ಬಾಯಿಗಿ ಬಂದದ್ದು ಅಂದ್ರು. ಆಮ್ಯಾಲ, "ಏನ, ನಿಪ್ಪಾಣಿಗಿ ನೀ ಹೋಗಿದ್ದಿ ಏನು? ನಾ ಹೋಗಿದ್ನಿ. ನಿಂದೂ ಹಾಜರಿ ಹಿಡದ್ರಿಲ್ಲೋ ಅವ್ರು?" ನಾ ಡೈರಿ ಮುಚ್ಚಿದ್ನಿ. ನನ್ನ ಮುಂದ ಅವ್ರು ಗೆಲ್ಲೂದು ಅಪರೂಪ, ಅವತ್ತ ಇನ್ನೊಂದ ಬಸಿ ಚಹಾ ಹಾಕ್ಕೊಂಡು ಅದನ್ನ ಅನುಭವಿಸಿದ್ರು.

ಫಾರ್ಮಿಗಿ ಮರುದಿನ ನಾಕ ಗಂಟೇಕ ಕಡೀ. ಮುಂಜಾನೆ ಎದ್ದಾಕಿನ ಸ್ಕೂಟಿ ಹಾಕ್ಕೊಂಡು ಕಾಲೇಜಿಗಿ ಹೋಗಿ ಪ್ರಿನ್ಸಿಪಾಲರ ಮುಂದ ನಿಂತ್ನಿ. "ಸರ್, ಇಪ್ಪತ್ತೇಳರ ಹಾಜರಿ ತಿದ್ದಬೇಕು. ನಿಯಮದಾಗ ಏನರ ದಾರಿ ಐತೇನ್ರಿ?"

ಅವ್ರು ಕನ್ನಡಕ ತಗದು ನನ್ನ ನೋಡಿದ್ರು. "ಯಾವ ನಿಯಮಾರಿ ಮ್ಯಾಡಮ್? ಈ ವರ್ಷ ಹಾಜರಿ ಕಡಿಮಿ ಅಂತ ಯಾರನ್ನೂ ಪರೀಕ್ಷಾಕ್ಕ ತಡೀಬಾರ್ದಂತ ಸುತ್ತೋಲೆ ಬಂದು ಹದಿನೈದು ದಿನಾತು. ಸ್ಟಾಫ್ ಗ್ರೂಪಿನ್ಯಾಗ ಹಾಕೇನಿ. ನೋಡಿಲ್ಲೇನ್ರಿ?"

ನೋಡಿರಲಿಲ್ಲ. ಮುಂಜಾನೆದ್ದು ಹೂವಿನ ಚಿತ್ರ ಕಳಿಸ್ತಾರಂತ ಆ ಗ್ರೂಪಿನ ಬಾಯಿ ನಾನ ಮುಚ್ಚಿ ಇಟ್ಟಿದ್ನಿ. ಇಲ್ಲದ ನಿಯಮದ ಸಲುವಾಗಿ ಒಬ್ಬ ಹುಡುಗಿನ್ನ ಮನಿಗಿ ಕಳಿಸಿದ್ನಿ.

ಆಫೀಸಿನ ಕ್ಲಾರ್ಕು ಅಂದ, "ಸಹಿ ಒಂದ ಬಾಕಿ ಐತಲ್ರಿ? ತಂಗಿಗಿ ಹೇಳಿ ಹೊಡಸ್ರಿ, ಇಲ್ಲಾ ನೀವ ಗೀಚಿಬಿಡ್ರಿ. ಯಾರ ನೋಡ್ತಾರ." ನಿನ್ನಿ ಆಗಿದ್ರ ಅವನ್ನ ಹರದ ತಿಂತಿದ್ನಿ. ಇವತ್ತ ಬರೀ "ಬ್ಯಾಡ" ಅಂದ್ನಿ. ಅವ್ರ ಮನಿ ಫೋನ್ ಹತ್ತಲಿಲ್ಲ. ಸ್ಕೂಟಿ ತಿರುವಿದ್ನಿ.

ದಿಗ್ಗೇವಾಡಿ ಬಸ್ ಸ್ಟಾಂಡಿನ್ಯಾಗ ನಾಕ ಮಂದಿ ಹಿರ್‍ಯಾರು ಕುಂತಿದ್ರು. "ಕುರಿ ಮನಿ ಹುಡುಗಿ, ಡಿಗ್ರಿ ಓದಾಕತ್ತಾಳ, ಎಲ್ಲಿ ಸಿಗ್ತಾಳ್ರಿ?" ಅಂದ್ನಿ.

"ಕುರಿ ಮನಿ ಭಾಳ ಅದಾವ್ರಿ ಅಕ್ಕಾರ. ಹೆಸರೇನ್ರಿ ಹುಡುಗೀದು?"

ಬಾಯಿ ತಗದ್ನಿ. ಇಪ್ಪತ್ತೇಳು ಅಂತ ನಾಲಿಗಿ ತುದಿಗಿ ಬಂತು. ಹೆಸರು ಬರಲಿಲ್ಲ. ಒಂದ ವರ್ಷದ ಮ್ಯಾಲ ದಿನಾ ಎರಡೆರಡು ಸಲ ಕರದೇನಿ ಆ ಹುಡುಗಿನ್ನ. ಚೀಲದಾಗಿನ ಫಾರ್ಮು ತಗದು ಓದಿ ಹೇಳಿದ್ನಿ. ಹಿರ್‍ಯಾ ನನ್ನ ಮಾರಿ ಒಮ್ಮೆ, ಫಾರ್ಮು ಒಮ್ಮೆ ನೋಡಿ, "ಮಳಿಗಾಲದಾಗ ಹೊಳಿದಂಡಿ ರಾಡಿ ಇರ್ತೈತ್ರಿ, ಕುರಿ ಎತ್ತರದ ಮಡ್ಡಿಮ್ಯಾಲ ಅದಾವ. ಕಬ್ಬಿನ ದಾರಿ ಹಿಡದು ಹೋಗ್ರಿ" ಅಂದ. ನಾಚಿಕಿ ಅನ್ನೂದು ನಡು ವಯಸ್ಸಿನ್ಯಾಗೂ ಹಂಗ ಬಿಸಿ ಇರ್ತೈತಿ ಅಂತ ನಂಗ ಗೊತ್ತಿರಲಿಲ್ಲ.

ಕಬ್ಬಿನ ನಡುವ ಸ್ಕೂಟಿ ಹೋಗೂತನಾ ಹೋಯ್ತು, ಆಮ್ಯಾಲ ರಾಡ್ಯಾಗ ಸಿಗಬಿತ್ತು. ಇಳದು ಚಪ್ಪಲ ಕೈಯಾಗ ಹಿಡಕೊಂಡು ಏರಿದ್ನಿ. ನಾಯಿ ಬೊಗಳಿತು. ತಲಿಮ್ಯಾಲ ಗೋಣಿಚೀಲದ ಕೊಪ್ಪಿ ಹಾಕ್ಕೊಂಡು, ಕೋಲು ಊರಿ ನಿಂತಿದ್ದಾಕಿ ನನ್ನ ನೋಡಿ ಓಡಿ ಬಂದ್ಲು. ಮಾರಿ ಬಿಳಚಿತ್ತು.

"ಮ್ಯಾಡಮ್, ಯಾರರ ತೀರಿಕೊಂಡ್ರೇನ್ರಿ?"

ಆ ದಿನದಾಗ ಯಾರರ ಓಡಿಕೋತ ಬಂದ್ರ ಅದ ಸುದ್ದಿ ಇರ್ತಿತ್ತು. "ಇಲ್ಲವಾ, ಯಾರೂ ಇಲ್ಲ. ನಿನ್ನ ಸಹಿ ಬೇಕು" ಅಂದ್ನಿ. ತೇಕು ಬಂದಿತ್ತು, ಅಲ್ಲೇ ಒಂದ ಕಲ್ಲಿನ ಮ್ಯಾಲ ಕುಂತ್ನಿ.

ಆಕಿ ಫಾರ್ಮು ಮುಟ್ಟಲಿಲ್ಲ. "ಯಾರ್ದು ಬರೀಲಿ ಅಂತ ನೀವ ಕೇಳಿದ್ರಿ. ನಾ ಹೇಳಿದ್ನಿ. ರಾತ್ರಿ ಎಲ್ಲಾ ಅಕಿಗಿ ಸಮಾಧಾನ ಮಾಡೇನಿ. ಅಪ್ಪಗ ಇನ್ನ ಮ್ಯಾಲ ಕುರಿ ಪೂರಾ ನಾ ನೋಡ್ತೀನಿ ಅಂತ ಮಾತ ಕೊಟ್ಟೇನಿ. ಈಗ ಮತ್ತ ಯಾಕ ಬಂದ್ರಿ?"

ಸಿಟ್ಟ ಇತ್ತು ದನ್ಯಾಗ. ಇರ್ಲಿ, ಇರಬೇಕ. ಸುತ್ತೋಲೆ ಬಂದೈತಿ, ಈ ವರ್ಷ ಹಾಜರಿ ಕೇಳೂದಿಲ್ಲ, ಅಷ್ಟ ಹೇಳಿ ಸಹಿ ತಗೊಂಡು ಬರಬಹುದಿತ್ತು. ನನ್ನ ಮರ್ಯಾದಿ ಉಳೀತಿತ್ತು.

"ತಪ್ಪ ನಂದು," ಅಂದ್ನಿ. "ಸುತ್ತೋಲೆ ಹದಿನೈದು ದಿನದ ಹಿಂದ ಬಂದೈತಿ, ನಾ ಓದಿಲ್ಲ. ನಿಮ್ಮ ನೋಟಬುಕ್ ನಿನ್ನಿ ಕೊಟ್ಟಿದ್ದಿ, ಅದನ್ನೂ ಓದಲಿಲ್ಲ. ಸಂಜೀಕ ಓದಿದ್ನಿ." ಇಪ್ಪತ್ತು ವರ್ಷದಾಗ ಯಾವ ಹುಡುಗರ ಮುಂದೂ ಹಿಂಗ ಅಂದಾಕಿ ಅಲ್ಲ. ಅಂದ ಮ್ಯಾಲ ಆಕಾಶೇನೂ ಹರದ ಬೀಳಲಿಲ್ಲ. ಕುರಿ ಮೇಯಾಕತ್ತಿದ್ದವು.

"ನಾ ಪರೀಕ್ಷಾಕ್ಕ ಬಂದ್ರ ಇವನ್ನ ಯಾರ ನೋಡ್ಬೇಕ್ರಿ?"

"ನಿಮ್ಮಪ್ಪ ನೋಡ್ಲಿ. ಇಲ್ಲಾ ಕಾಕಾ ನೋಡ್ಲಿ. ಕುರಿಗಿ ಮನಿಗೊಬ್ರು ನಡೀತೈತಿ, ಪರೀಕ್ಷಾಕ್ಕ ನಡ್ಯೂದಿಲ್ಲ. ಬೇಕಾದ್ರ ನಾ ಬಂದು ಅವ್ರಿಗಿ ಹೇಳ್ತೀನಿ."

"ನೀವು ಹೇಳೂದ ಬ್ಯಾಡ್ರಿ," ಅಂದ್ಲು ಲಗೂನ. "ನೀವು ಹೇಳಿದ್ರ ಜಗಳ ಆಗ್ತೈತಿ. ನಾನ ಹೇಳ್ತೀನಿ."

ನಂಗ ನಗು ಬಂತು, ಆಕಿಗೂ ಬಂತು. ಕೈ ಲಂಗಕ್ಕ ಒರಸ್ಕೊಂಡು, ನಾ ತಂದಿದ್ದ ನೋಟಬುಕ್ ತೊಡಿಮ್ಯಾಲ ಇಟ್ಟು, ಅದರ ಮ್ಯಾಲ ಫಾರ್ಮು ಇಟ್ಟು ಸಹಿ ಮಾಡಿದ್ಲು. ವಾರಿ ಅಕ್ಷರ ಆಕೀದು. ನಾ ಏಳಾಕತ್ತಿದ್ನಿ. ಆಕಿ ನೋಟಬುಕ್ ತಗದು ಆ ಖಾಲಿ ಹಾಳಿ ಹುಡುಕಿ ನನ್ನ ಮುಂದ ಹಿಡದ್ಲು.

"ಮ್ಯಾಡಮ್, ಈ ಪಾಠ ಯಾವಾಗ ಹೇಳ್ತೀರಿ?"

"ನೋಟ್ಸ್ ಕಳಿಸಿದ್ನಲ್ಲ?"

"ಅದನ್ನ ಓದೇವ್ರಿ. ನೀವು ಹೇಳಿಲ್ಲಲ್ರಿ."

ಫಾರ್ಮು ಮೂರೂವರಿಗಿ ಆಫೀಸ್ ಮುಟ್ಟಿತು. ಕಾಲಿನ ರಾಡಿ ನೋಡಿ ಕ್ಲಾರ್ಕು ಏನೋ ಕೇಳಾಕ ಬಂದಿದ್ದ, ನನ್ನ ಮಾರಿ ನೋಡಿ ಫಾರ್ಮಿಗಿ ಶಿಕ್ಕಾ ಹೊಡದ. ಅಲ್ಲೇ ಕುಂತು ಚೀಲದಾಗಿನ ವರ್ಕ್ ಡೈರಿ ತಗದು, ಮೂರು ದಿನದ ಮುಂದ ಕೆಂಪ ಶಾಯಿಲೆ ಗೆರಿ ಎಳದು, ತರಗತಿ ನಡೆದಿಲ್ಲ ಅಂತ ಬರದು ಸಹಿ ಮಾಡಿದ್ನಿ. "ಹುಚ್ಚ ಹಿಡದೈತೇನ್ರಿ ನಿಮಗ?" ಅಂದ್ರು ಪ್ರಿನ್ಸಿಪಾಲರು. ಹೌದ್ರಿ ಅಂದ್ನಿ.

ಪರೀಕ್ಷಾದ ಮುಂಚೆ ಒಂದ ವಾರ ಕ್ಲಾಸ್ ತಗಿಯಾಕ ಪರವಾನಗಿ ಸಿಕ್ಕಿತು. ಮೊದಲನೇ ದಿನ ಅರ್ಧ ಬೆಂಚು ಖಾಲಿ ಇದ್ದವು. ಹಾಜರಿ ಪುಸ್ತಕ ತಗದು ಹೆಸರು ಹಿಡದು ಕರದ್ನಿ. ಹುಡುಗರಿಗಿ ಯಾರನ್ನ ಕರೀತಾರಂತ ಗಲಿಬಿಲಿ ಆತು. ಮೂರನೇ ಬೆಂಚಿನಿಂದ ಎರಡು ಬ್ಯಾರೆ ಬ್ಯಾರೆ ದನಿ ಬಂದವು, ಒಂದು ದಪ್ಪ, ಒಂದು ಸಣ್ಣ. ಖರೇನ ದಪ್ಪ ಇತ್ತು ಆ ದನಿ.

ಆದಿಲಶಾಹಿಗಳ ನೀರಿನ ಪಾಠ ಸುರು ಮಾಡಿದ್ನಿ. ಇಬ್ಬರ ನಡುವ ನೋಟಬುಕ್ ಒಂದ ಇತ್ತು. ಸಣ್ಣಾಕಿ ಹಿಂದಕ್ಕ ತಿರುವಿ, ಬಿಟ್ಟಿದ್ದ ಹಾಳಿ ತಗದ್ಲು. ಮೂರು ದಿನ ಸೇರಿ ಆರು ಹಾಳಿ ಬಿಟ್ಟಿದ್ರು. ನಾ ಅವತ್ತ ಆರೂ ತುಂಬೂತನಾ ಹೇಳಿದ್ನಿ.